ಸರ್ ಸೈಯದ್ ಕಟ್ಟಿದ ಶಾಲೆ



ನಮ್ಮ ಕಡೆಯ ಯಾವ ಹಳೆಯ ಶಾಲೆಗೆ ಹೋದರೂ ಕೊಠಡಿಯ ಬಾಗಿಲ ಪಕ್ಕದಲ್ಲಿ ಒಂದು ಕಲ್ಲು ಕಾಣುತ್ತದೆ. ಇಂಥ ಊರಿನ ಇಂಥವರು ತಮ್ಮ ವಾಲಿದ್ ಸಾಹೇಬರ ನೆನಪಿಗಾಗಿ ಈ ಕೊಠಡಿಯನ್ನು ಕಟ್ಟಿಸಿಕೊಟ್ಟಿದ್ದಾರೆ ಎಂದು ಅದರಲ್ಲಿ ಕೆತ್ತಿರುತ್ತದೆ. ನೀವು ದಿನಕ್ಕೆ ನಾಲ್ಕು ಸಲ ಅದರ ಮುಂದೆ ಓಡಾಡುತ್ತೀರಿ, ಒಮ್ಮೆಯೂ ಓದಿರುವುದಿಲ್ಲ. ನಾನೂ ವಿದ್ಯಾರ್ಥಿನಿಯಾಗಿದ್ದಾಗ ಓದಿರಲಿಲ್ಲ. ಶಿಕ್ಷಕಿಯಾಗಿ, ಹೆಣ್ಣುಮಕ್ಕಳ ಶೌಚಾಲಯಕ್ಕೆಂದು ರಸೀದಿ ಪುಸ್ತಕ ಹಿಡಿದು ಮನೆಮನೆ ಹತ್ತಿ ಇಳಿದ ಮೇಲೆಯೇ ಆ ಕಲ್ಲುಗಳ ಬೆಲೆ ನನಗೆ ತಿಳಿದದ್ದು. ಒಂದು ಮನೆಯಲ್ಲಿ ಐನೂರು ಕೊಟ್ಟರು, ಇನ್ನೊಂದು ಮನೆಯಲ್ಲಿ ಬಾಗಿಲನ್ನೇ ತೆರೆಯಲಿಲ್ಲ.

ಅಲೀಗಢದ ಹಳೆಯ ಕಟ್ಟಡಗಳ ಗೋಡೆಗಳಲ್ಲಿ ಇಂಥ ಕಲ್ಲುಗಳು ಸಾಲುಸಾಲಾಗಿವೆ. ಮುಸ್ಲಿಮರ ಹೆಸರು, ಹಿಂದೂಗಳ ಹೆಸರು, ಇಂಗ್ಲಿಷರ ಹೆಸರು, ರಾಜರ ಹೆಸರು, ಸಣ್ಣ ನೌಕರರ ಹೆಸರು ಎಲ್ಲವೂ ಅಲ್ಲಿವೆ. ಆ ಹಣವನ್ನು ಬೇಡಿ ತಂದವರು ಸರ್ ಸೈಯದ್ ಅಹ್ಮದ್ ಖಾನ್. ಪರೀಕ್ಷೆಯಲ್ಲಿ ಎರಡು ಅಂಕದ ಪ್ರಶ್ನೆಗೆ ನೀವು ಅವರ ಬಗ್ಗೆ ಬರೆಯುವ ಉತ್ತರ ನನಗೆ ಗೊತ್ತು. ಆ ಉತ್ತರವನ್ನು ಬರೆಸಿದವಳೂ ನಾನೇ. ಅಲೀಗಢ ಮುಸ್ಲಿಂ ವಿಶ್ವವಿದ್ಯಾಲಯದ ಸ್ಥಾಪಕರು ಎಂದು ಬರೆದರೆ ಅಂಕ ಬರುತ್ತದೆ. ಆದರೆ ವಿಶ್ವವಿದ್ಯಾಲಯ ಆದದ್ದು 1920ರಲ್ಲಿ, ಅವರು ತೀರಿಕೊಂಡು ಇಪ್ಪತ್ತೆರಡು ವರ್ಷಗಳಾದ ಮೇಲೆ. ಅವರು ತಮ್ಮ ಕೈಯಾರೆ ಶುರು ಮಾಡಿದ್ದು ಒಂದು ಶಾಲೆ. ಸಣ್ಣ ಊರಿನಲ್ಲಿ, ಸೇನೆ ಬಿಟ್ಟುಹೋದ ಬಂಗಲೆಯಲ್ಲಿ, ಬೆರಳೆಣಿಕೆಯ ಹುಡುಗರಿಂದ ಆರಂಭವಾದ ಶಾಲೆ. ಆ ಶಾಲೆಯ ಕಣ್ಣಿನಿಂದ ಅವರ ಜೀವನವನ್ನು ನೋಡೋಣ ಬನ್ನಿ.

ಸೈಯದ್ ಅಹ್ಮದ್ ಹುಟ್ಟಿದ್ದು ದೆಹಲಿಯಲ್ಲಿ, 1817ರ ಅಕ್ಟೋಬರ್ 17ರಂದು. ಮನೆತನಕ್ಕೆ ಮೊಗಲ್ ದರ್ಬಾರಿನ ನಂಟಿತ್ತು. ತಾಯಿಯ ತಂದೆ ಖ್ವಾಜಾ ಫರೀದುದ್ದೀನ್ ಬಾದಶಹ ಎರಡನೆಯ ಅಕ್ಬರ್ ಶಾಹರ ವಜೀರರಾಗಿದ್ದವರು, ಗಣಿತದಲ್ಲಿ ಪಂಡಿತರು. ತಂದೆ ಮೀರ್ ಮುತ್ತಖೀ ಹೆಚ್ಚಾಗಿ ಲೌಕಿಕ ವ್ಯವಹಾರಗಳಿಂದ ದೂರವಿದ್ದವರು. ಹೀಗಾಗಿ ಮಗನನ್ನು ತಿದ್ದಿ ಬೆಳೆಸಿದವರು ತಾಯಿ ಅಝೀಝುನ್ನಿಸಾ ಬೇಗಂ. ಅವರಿಗೆ ಓದು ಬರುತ್ತಿತ್ತು. ಮಗನ ಪಾಠವನ್ನು ಸ್ವತಃ ಕೇಳುತ್ತಿದ್ದರು. ಪಕ್ಕದಲ್ಲಿ ಹತ್ತಿಯ ಹುರಿಯ ಒಂದು ಚಾವಟಿ ಇಟ್ಟುಕೊಂಡಿರುತ್ತಿದ್ದರಂತೆ; ಅದರಿಂದ ಒಮ್ಮೆಯೂ ಹೊಡೆಯಲಿಲ್ಲ. ಇನ್ನೊಂದು ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ: ಸೈಯದ್ ಅಹ್ಮದ್ ಕುರ್‌ಆನ್ ಓದಲು ಕಲಿತದ್ದು ಮನೆಗೆ ಬರುತ್ತಿದ್ದ ಒಬ್ಬ ಉಸ್ತಾನಿಯಿಂದ, ಅಂದರೆ ಮಹಿಳಾ ಶಿಕ್ಷಕಿಯಿಂದ.

ಹನ್ನೊಂದು ಹನ್ನೆರಡರ ವಯಸ್ಸಿನಲ್ಲಿ ಸೈಯದ್ ಅಹ್ಮದ್ ಮನೆಯ ಮುದಿ ಆಳಿಗೆ ಕೆನ್ನೆಗೆ ಹೊಡೆದ. ವಿಷಯ ತಾಯಿಗೆ ತಿಳಿಯಿತು. ಇಂಥ ಮಗ ಈ ಮನೆಯಲ್ಲಿರಲು ಲಾಯಕ್ಕಿಲ್ಲ ಎಂದು ಅವನನ್ನು ಬಾಗಿಲ ಹೊರಗೆ ಹಾಕಿಸಿದರು. ಹುಡುಗ ಚಿಕ್ಕಮ್ಮನ ಮನೆಯಲ್ಲಿ ಮೂರು ದಿನ ಅಡಗಿ ಕುಳಿತ. ಚಿಕ್ಕಮ್ಮ ಬಂದು ಕೇಳಿಕೊಂಡರೂ ತಾಯಿ ಕರಗಲಿಲ್ಲ. ಆ ಆಳಿನ ಮುಂದೆ ಕೈ ಜೋಡಿಸಿ ಮಾಫಿ ಕೇಳಿ, ಅವನು ಕ್ಷಮಿಸಿದ ಮೇಲೆಯೇ ಮನೆಯ ಬಾಗಿಲು ತೆರೆಯಿತು. ಮೌಲಾನಾ ಅಲ್ತಾಫ್ ಹುಸೇನ್ ಹಾಲಿಯವರು 1901ರಲ್ಲಿ ಪ್ರಕಟಿಸಿದ ಸರ್ ಸೈಯದರ ಜೀವನ ಚರಿತ್ರೆ ‘ಹಯಾತೆ ಜಾವೇದ್’ನಲ್ಲಿ ಈ ಘಟನೆ ಇದೆ. ಪ್ರತಿ ವರ್ಷ ಹೊಸ ತರಗತಿಗೆ ನಾನು ಮೊದಲು ಹೇಳುವ ಕಥೆ ಇದೇ.

1838ರಲ್ಲಿ ತಂದೆ ತೀರಿಕೊಂಡರು. ದರ್ಬಾರಿನಿಂದ ಬರುತ್ತಿದ್ದ ಆದಾಯ ನಿಂತಿತು. ಬಂಧುಗಳ ಮಾತನ್ನು ಮೀರಿ ಯುವಕ ಸೈಯದ್ ಅಹ್ಮದ್ ಈಸ್ಟ್ ಇಂಡಿಯಾ ಕಂಪನಿಯ ನ್ಯಾಯಾಲಯದಲ್ಲಿ ನೌಕರಿಗೆ ಸೇರಿದರು. 1841ರಲ್ಲಿ ಮುನ್ಸೀಫ್ ಪರೀಕ್ಷೆ ಮುಗಿಸಿ ಮೈನ್‌ಪುರಿಗೆ ಹೋದರು, ನಂತರ ಫತೇಪುರ್ ಸಿಕ್ರಿಗೆ. ದೆಹಲಿಗೆ ಮರಳಿದ ಮೇಲೆ ಆ ನಗರದ ಹಳೆಯ ಕಟ್ಟಡಗಳ ಬಗ್ಗೆ ‘ಆಸಾರುಸ್ಸನಾದೀದ್’ ಎಂಬ ಗ್ರಂಥ ಬರೆದರು. ಅದು ಅಚ್ಚಾದದ್ದು 1847ರಲ್ಲಿ. ಕುತುಬ್ ಮಿನಾರಿನ ಮೇಲಿನ ಶಾಸನಗಳನ್ನು ಓದಲು ಎರಡು ಬೊಂಬುಗಳ ನಡುವೆ ಬುಟ್ಟಿ ಕಟ್ಟಿಸಿಕೊಂಡು ಅದರಲ್ಲಿ ಕೂತು ಮೇಲೇರುತ್ತಿದ್ದರು. ಕೆಳಗೆ ನಿಂತ ಗೆಳೆಯ ಇಮಾಮ್ ಬಖ್ಷ್ ಸಹಬಾಯಿಯವರ ಮುಖ ಹೆದರಿಕೆಯಿಂದ ಬಿಳಿಚಿಕೊಳ್ಳುತ್ತಿತ್ತಂತೆ.

ನಂತರ ಬಂದದ್ದು 1857. ಆಗ ಅವರು ಬಿಜ್ನೋರಿನಲ್ಲಿ ಸದರ್ ಅಮೀನ್, ಅಂದರೆ ಕೆಳ ನ್ಯಾಯಾಲಯದ ನ್ಯಾಯಾಧೀಶರು. ಅಲ್ಲಿದ್ದ ಇಂಗ್ಲಿಷ್ ಕುಟುಂಬಗಳನ್ನು ಜೀವ ಪಣಕ್ಕಿಟ್ಟು ಪಾರು ಮಾಡಿದರು. ಅತ್ತ ದೆಹಲಿಯಲ್ಲಿ ಅದೇ ಇಂಗ್ಲಿಷರ ಸೇನೆ ಅವರ ಮಾವನನ್ನೂ ಮಾವನ ಮಗನನ್ನೂ ಕೊಂದುಹಾಕಿತು. ಸೈಯದ್ ಅಹ್ಮದ್ ಹುಡುಕಿಕೊಂಡು ಹೋದಾಗ ತಾಯಿ ಒಬ್ಬ ಹಳೆಯ ಆಳಿನ ಕೋಣೆಯಲ್ಲಿ ಅಡಗಿದ್ದರು. ಕುದುರೆಯ ಕಾಳು ತಿಂದು ದಿನ ಕಳೆದಿದ್ದರು, ಕುಡಿಯಲು ನೀರಿರಲಿಲ್ಲ. ಅವರನ್ನು ಮೀರತ್‌ಗೆ ಕರೆತಂದರು. ಅದೇ ವರ್ಷ ತಾಯಿ ಅಲ್ಲಿ ಕಣ್ಣು ಮುಚ್ಚಿದರು. ಸರ್ಕಾರ ಇನಾಮಾಗಿ ಕೊಡಬಂದ ದೊಡ್ಡ ಜಮೀನ್ದಾರಿಯನ್ನು ಸೈಯದ್ ಅಹ್ಮದ್ ಬೇಡವೆಂದರು. ಅದು ಇನ್ನೊಬ್ಬ ಮುಸ್ಲಿಂ ಮನೆತನದಿಂದ ಕಿತ್ತುಕೊಂಡ ಆಸ್ತಿಯಾಗಿತ್ತು. ದೇಶ ಬಿಟ್ಟು ಈಜಿಪ್ಟಿಗೆ ಹೋಗಿ ನೆಲೆಸಿಬಿಡಬೇಕೆಂದು ಕೊಂಚ ಕಾಲ ಯೋಚಿಸಿದರು. ಹೋಗಲಿಲ್ಲ. ದಂಗೆಗೆ ಸರ್ಕಾರದ ತಪ್ಪುಗಳೇ ಕಾರಣವೆಂದು ಪುಸ್ತಕ ಬರೆದರು. ಫಿರಂಗಿಗಳ ಬಾಯಿಗೆ ಜನರನ್ನು ಕಟ್ಟುತ್ತಿದ್ದ ಆ ದಿನಗಳಲ್ಲಿ ಸರ್ಕಾರಿ ನೌಕರನೊಬ್ಬ ಹೀಗೆ ಬರೆಯುವುದು ಸಣ್ಣ ಧೈರ್ಯವಲ್ಲ.

ಅವರ ಮೊದಲ ಶಾಲೆ ಅಲೀಗಢದ್ದಲ್ಲ ಎಂಬುದನ್ನು ಬಹಳ ಜನ ಮರೆಯುತ್ತಾರೆ. ಎಲ್ಲಿಗೆ ವರ್ಗವಾದರೂ ಅಲ್ಲೊಂದು ಶಾಲೆ ತೆರೆಯುವುದು ಅವರ ಚಟವಾಗಿತ್ತು. 1859ರಲ್ಲಿ ಮುರಾದಾಬಾದಿನಲ್ಲಿ ಒಂದು ಶಾಲೆ. ಅಲ್ಲಿಯೇ 1860-61ರ ಬರಗಾಲದಲ್ಲಿ ಅನ್ನಛತ್ರದ ಉಸ್ತುವಾರಿ ಅವರ ಮೇಲೆ ಬಿತ್ತು. ಹಿಂದೂಗಳಿಗೆ ಹಿಂದೂ ಅಡುಗೆಯವರಿಂದ ಬೇರೆಯಾಗಿ ಅಡುಗೆ ಮಾಡಿಸಿದರು. ಕಾಯಿಲೆಯವರನ್ನು ತಾವೇ ನೋಡಿಕೊಂಡರು. ಆಗ ಅಲ್ಲಿಯ ಕಲೆಕ್ಟರ್ ಆಗಿದ್ದವರು ಜಾನ್ ಸ್ಟ್ರೇಚಿ. ಈ ಹೆಸರೂ ಮುಂದೆ ಬರುತ್ತದೆ. ಅದೇ ಮುರಾದಾಬಾದಿನಲ್ಲಿ 1861ರಲ್ಲಿ ಅವರ ಪತ್ನಿ ತೀರಿಕೊಂಡರು. ಸಣ್ಣ ಮಕ್ಕಳನ್ನು ಇಟ್ಟುಕೊಂಡು ಉಳಿದ ಆಯುಸ್ಸನ್ನೆಲ್ಲ ಒಂಟಿಯಾಗಿಯೇ ಕಳೆದರು.

ಅಲ್ಲಿಂದ ಗಂಗೆಯ ದಂಡೆಯ ಗಾಝೀಪುರಕ್ಕೆ ವರ್ಗವಾಯಿತು. ಗುಲಾಬಿ ನೀರಿಗೆ ಹೆಸರಾದ ಊರದು. 1864ರಲ್ಲಿ ಅಲ್ಲಿ ಎದ್ದ ಶಾಲೆ ಊರಿನವರೆಲ್ಲ ಸೇರಿ ಹಣ ಹಾಕಿದ್ದು. ಅಡಿಗಲ್ಲನ್ನು ಇಟ್ಟವರು ಇಬ್ಬರು: ರಾಜಾ ದೇವ್ ನಾರಾಯಣ್ ಸಿಂಗ್ ಮತ್ತು ಮೌಲಾನಾ ಮುಹಮ್ಮದ್ ಫಸೀಹ್. ಇಂಗ್ಲಿಷ್, ಉರ್ದು, ಫಾರ್ಸಿ, ಅರಬಿ, ಸಂಸ್ಕೃತ ಐದೂ ಅಲ್ಲಿ ಕಲಿಸುವ ಭಾಷೆಗಳು. ಎರಡು ಭಾಷೆಗಳನ್ನು ಕಲಿಸುವ ನನಗೇ ವೇಳಾಪಟ್ಟಿ ಹೊಂದಿಸುವುದು ತಲೆನೋವು. ಐದು ಭಾಷೆಗಳ ಶಾಲೆಯ ಮುಖ್ಯೋಪಾಧ್ಯಾಯರ ಪಾಡು ಹೇಗಿತ್ತೋ! ಅದೇ ವರ್ಷ ಗಾಝೀಪುರದಲ್ಲಿ ವಿಜ್ಞಾನದ ಪುಸ್ತಕಗಳನ್ನು ಉರ್ದುವಿಗೆ ತರುವ ಸೈಂಟಿಫಿಕ್ ಸೊಸೈಟಿ ಹುಟ್ಟಿತು. ಅಲೀಗಢಕ್ಕೆ ವರ್ಗವಾದಾಗ ಸೊಸೈಟಿಯೂ ಅವರ ಜೊತೆ ಬಂತು. ರಾಜಾ ಜೈಕಿಶನ್ ದಾಸ್ ಅದರಲ್ಲಿ ಅವರಿಗೆ ಹೆಗಲು ಕೊಟ್ಟ ಆಪ್ತ ಗೆಳೆಯರು.

1869ರ ಏಪ್ರಿಲ್‌ನಲ್ಲಿ, ಐವತ್ತೊಂದರ ವಯಸ್ಸಿನಲ್ಲಿ, ಸೈಯದ್ ಅಹ್ಮದ್ ಇಬ್ಬರು ಮಕ್ಕಳೊಂದಿಗೆ ಇಂಗ್ಲೆಂಡಿಗೆ ಹಡಗು ಹತ್ತಿದರು. ಕಿರಿಯ ಮಗ ಸೈಯದ್ ಮಹಮೂದರಿಗೆ ಸರ್ಕಾರದ ವಿದ್ಯಾರ್ಥಿವೇತನ ಸಿಕ್ಕಿತ್ತು. ತಮ್ಮ ಖರ್ಚಿಗೆ ಮನೆಯನ್ನು ಒತ್ತೆ ಇಟ್ಟರು, ಪುಸ್ತಕಗಳನ್ನು ಮಾರಿದರು. ಲಂಡನ್ನಿನಲ್ಲಿ ಹದಿನೇಳು ತಿಂಗಳು ಇದ್ದರು. ಕೇಂಬ್ರಿಡ್ಜ್ ನೋಡಿದರು. ಆದರೆ ಅಲ್ಲಿಂದ ಅವರು ಊರಿಗೆ ಬರೆದ ಪತ್ರಗಳಲ್ಲಿ ನನಗೆ ಮರೆಯಲಾಗದ್ದು ಅವರು ತಂಗಿದ್ದ ಮನೆಯ ಕೆಲಸದ ಹುಡುಗಿಯ ವಿಷಯ. ಬಡ ಹುಡುಗಿ, ಕೈಯಲ್ಲಿ ಸ್ವಲ್ಪ ಚಿಲ್ಲರೆ ಇದ್ದರೆ ಅಗ್ಗದ ಪತ್ರಿಕೆ ಕೊಂಡು ಓದುತ್ತಿದ್ದಳು. ಗಾಡಿ ಹೊಡೆಯುವವನೂ ಸೀಟಿನ ಅಡಿಯಲ್ಲಿ ಪತ್ರಿಕೆ ಇಟ್ಟುಕೊಂಡಿರುತ್ತಿದ್ದ. ಇದನ್ನು ಕಂಡು ಅವರು ಬೆರಗಾದರು, ಬೆರಗಿನಲ್ಲಿ ನಮ್ಮ ದೇಶದವರನ್ನು ಸಿಕ್ಕಾಪಟ್ಟೆ ಬೈದೂ ಬರೆದರು. ಓದಿದವರಿಗೆ ಕೋಪ ಬಂತು. ನ್ಯಾಯವಾದ ಕೋಪವೇ ಅದು ಎಂದು ನನ್ನ ಅನಿಸಿಕೆ.

1870ರ ಕೊನೆಯಲ್ಲಿ ಮರಳಿ ಬಂದವರೇ ‘ತಹ್ಝೀಬುಲ್ ಅಖ್ಲಾಖ್’ ಎಂಬ ಪತ್ರಿಕೆ ಆರಂಭಿಸಿದರು, ಒಂದು ಸಮಿತಿ ಕಟ್ಟಿದರು. ಮುಸ್ಲಿಮರು ಸರ್ಕಾರಿ ಶಾಲೆಗಳಿಗೆ ಮಕ್ಕಳನ್ನು ಏಕೆ ಕಳಿಸುತ್ತಿಲ್ಲ ಎಂಬ ವಿಷಯದ ಮೇಲೆ ಬಹುಮಾನದ ಪ್ರಬಂಧ ಸ್ಪರ್ಧೆ ಇಟ್ಟರು. ಮೊದಲು ಜನರ ಮನಸ್ಸಿನಲ್ಲಿರುವುದನ್ನು ಕೇಳಿದರು, ಆಮೇಲೆ ಶಾಲೆಯ ನಕ್ಷೆ ಹಾಕಿದರು. ಆ ನಕ್ಷೆಯಲ್ಲಿ ಮಗ ಮಹಮೂದರ ಪಾಲು ದೊಡ್ಡದು. ಮಕ್ಕಳು ಬಂದು ಪಾಠ ಕೇಳಿ ಮನೆಗೆ ಹೋಗುವ ಶಾಲೆ ಸಾಲದು. ಒಂದೇ ಕಡೆ ಇದ್ದು, ಒಟ್ಟಿಗೆ ಉಂಡು, ಆಡಿ, ಜಗಳವಾಡಿ, ರಾಜಿಯಾಗಿ ಬೆಳೆಯುವ ಶಾಲೆ ಬೇಕು ಎಂಬುದು ಅದರ ತಿರುಳು.

ಊರಿನ ಆಯ್ಕೆ ಅಲೀಗಢಕ್ಕೆ ಬಿತ್ತು. ದೆಹಲಿಯಿಂದ ಸುಮಾರು 130 ಕಿಲೋಮೀಟರ್ ದೂರ, ರೈಲು ಇದೆ, ಹವೆ ಚೆನ್ನಾಗಿದೆ, ಮಹಾನಗರದ ಆಕರ್ಷಣೆಗಳಿಲ್ಲ. ಊರ ಹೊರಗೆ ಹಳೆಯ ದಂಡು ಪ್ರದೇಶದ 74 ಎಕರೆ ಜಾಗ ಖಾಲಿ ಬಿದ್ದಿತ್ತು. ಅದನ್ನು ಪಡೆಯಲು ಹಲವು ವರ್ಷ ಅಲೆದಾಡಬೇಕಾಯಿತು. ಕಡೆಗೆ ಮುರಾದಾಬಾದಿನ ಆ ಹಳೆಯ ಕಲೆಕ್ಟರ್ ಸ್ಟ್ರೇಚಿಯವರು ಪ್ರಾಂತ್ಯದ ಲೆಫ್ಟಿನೆಂಟ್ ಗವರ್ನರ್ ಆಗಿ ಬಂದಾಗ ಕೆಲಸವಾಯಿತು. ಅಲೀಗಢದ ಸ್ಟ್ರೇಚಿ ಹಾಲ್ ಅವರ ಹೆಸರಿನದೇ.

1875ರ ಮೇ 24ರಂದು ‘ಮದ್ರಸತುಲ್ ಉಲೂಮ್’ ಆರಂಭವಾಯಿತು; ಜೂನ್ 1ರಿಂದ ಪಾಠಗಳು. ಆಗ ಸೈಯದ್ ಅಹ್ಮದ್ ಬನಾರಸಿನಲ್ಲಿ ನೌಕರಿಯಲ್ಲಿದ್ದರು. ಶಾಲೆಯ ದೈನಂದಿನ ಭಾರ ಹೊತ್ತವರು ಅಲೀಗಢದಲ್ಲಿ ನ್ಯಾಯಾಧೀಶರಾಗಿದ್ದ ಮೌಲ್ವಿ ಸಮೀಉಲ್ಲಾ ಖಾನ್. ಜನ ಹಿಂಜರಿಯುತ್ತಿದ್ದಾಗ ಮೊದಲು ತಮ್ಮ ಮಗ ಹಮೀದುಲ್ಲಾನನ್ನೇ ಸೇರಿಸಿದರು. ಮುಖ್ಯೋಪಾಧ್ಯಾಯರಾಗಿ ಸಿಡನ್ಸ್ ಎಂಬ ಇಂಗ್ಲಿಷರು ಬಂದರು. ಸೈಯದ್ ಅಹ್ಮದ್ 1876ರಲ್ಲಿ ನಿವೃತ್ತರಾಗಿ ಬಂದು ಶಾಲೆಯ ಪಕ್ಕದಲ್ಲೇ ನೆಲೆಸಿದರು. ಮುಂದಿನ ಇಪ್ಪತ್ತೆರಡು ವರ್ಷ ಆ ಶಾಲೆಯೇ ಅವರ ಸಂಸಾರ. 1877ರ ಜನವರಿ 8ರಂದು ವೈಸರಾಯ್ ಲಿಟ್ಟನ್ ಕಾಲೇಜು ಕಟ್ಟಡಕ್ಕೆ ಅಡಿಗಲ್ಲು ಹಾಕಿದರು, ಮರುವರ್ಷ ಕಾಲೇಜು ತರಗತಿಗಳೂ ಶುರುವಾದವು. ಅಲ್ಲಿಂದ ಬಿ.ಎ. ಮುಗಿಸಿದ ಮೊದಲ ವಿದ್ಯಾರ್ಥಿ ಈಶ್ವರಿ ಪ್ರಸಾದ್ ಎಂಬ ಹಿಂದೂ ಯುವಕ.

ವಿರೋಧ ಕಡಿಮೆ ಇರಲಿಲ್ಲ. ಕಾನ್ಪುರದ ಡೆಪ್ಯುಟಿ ಕಲೆಕ್ಟರ್ ಮೌಲ್ವಿ ಇಮ್ದಾದ್ ಅಲಿ ಊರೂರಿನ ಉಲೇಮಾಗಳಿಂದ ಫತ್ವಾ ಸಂಗ್ರಹಿಸಿದರು. ಇನ್ನೊಬ್ಬರು ಮಕ್ಕಾವರೆಗೆ ಹೋಗಿ ಫತ್ವಾ ತಂದರು. ಕುರ್‌ಆನ್ ವ್ಯಾಖ್ಯಾನದಲ್ಲಿ ಸೈಯದ್ ಅಹ್ಮದರ ವಿಚಾರಗಳು ಹಲವರಿಗೆ ಒಪ್ಪಿಗೆಯಾಗಿರಲಿಲ್ಲ; ಅವರನ್ನು ಬಹಳ ಗೌರವಿಸುತ್ತಿದ್ದ ಗೆಳೆಯರಿಗೂ ಒಪ್ಪಿಗೆಯಿರಲಿಲ್ಲ. ಆಗ ಅವರು ಮಾಡಿದ ಕೆಲಸವನ್ನು ಸಂಸ್ಥೆ ನಡೆಸುವವರೆಲ್ಲ ಗಮನಿಸಬೇಕು. ತಮ್ಮ ಸ್ವಂತ ಧಾರ್ಮಿಕ ವಿಚಾರಗಳನ್ನು ಶಾಲೆಯೊಳಗೆ ತರುವುದಿಲ್ಲವೆಂದು ಒಪ್ಪಿಕೊಂಡು, ದೀನಿಯಾತ್ ವಿಭಾಗವನ್ನು ಬೇರೆಯವರ ಕೈಗೆ ಕೊಟ್ಟುಬಿಟ್ಟರು. ಸುನ್ನಿ ಮಕ್ಕಳ ಪಾಠಕ್ಕೆ ಒಂದು ಸಮಿತಿ, ಶಿಯಾ ಮಕ್ಕಳ ಪಾಠಕ್ಕೆ ಇನ್ನೊಂದು. ಮುಂದೆ ದೀನಿಯಾತ್ ಮುಖ್ಯಸ್ಥರಾಗಿ ಬಂದ ಮೌಲಾನಾ ಅಬ್ದುಲ್ಲಾ ಅನ್ಸಾರಿ, ದೇವಬಂದ್ ಮದ್ರಸಾದ ಸ್ಥಾಪಕರಾದ ಮೌಲಾನಾ ಖಾಸಿಂ ನಾನೌತವಿಯವರ ಅಳಿಯಂದಿರು. ಅಲೀಗಢ ಮತ್ತು ದೇವಬಂದ್ ಹುಟ್ಟು ವೈರಿಗಳೆಂದು ಭಾಷಣ ಮಾಡುವವರು ಈ ನಂಟನ್ನು ಹೇಳುವುದಿಲ್ಲ.

ಈಗ ಹಣದ ವಿಷಯ. ಮಗುವಿನ ನಾಮಕರಣವಾದರೂ ಮದುವೆಯಾದರೂ ಅಲ್ಲಿ ಕೈಯೊಡ್ಡಲು ಅವರಿಗೆ ಸಂಕೋಚವಿರಲಿಲ್ಲ. ಅಲೀಗಢದ ಪ್ರದರ್ಶನದಲ್ಲಿ ಪುಸ್ತಕದ ಅಂಗಡಿ ಹಾಕಿ ತಾವೇ ಗಲ್ಲಾದ ಮುಂದೆ ಕೂತರು. ಲಾಟರಿ ಮಾಡಿದರು; ಅದು ಶರೀಅತ್‌ಗೆ ವಿರುದ್ಧವೆಂದು ಬೈಸಿಕೊಂಡರು. 1884ರಲ್ಲಿ ಬಡ ವಿದ್ಯಾರ್ಥಿಗಳ ನಿಧಿಗಾಗಿ ನಾಟಕದ ವೇದಿಕೆ ಹತ್ತಿ ಗಝಲ್ ಹಾಡಿದರು. ಎದೆಯ ಮೇಲೆ ಬಿಳಿ ಗಡ್ಡ ಇಳಿಬಿದ್ದ, ನಿವೃತ್ತ ನ್ಯಾಯಾಧೀಶ, ಅರವತ್ತಾರು ವರ್ಷದ ಮುದುಕರು! ಅವರ ಚಂದಾ ಎತ್ತುವ ಬಗ್ಗೆ ಅಕ್ಟೋಬರ್ 17ರ ಸಭೆಗಳಲ್ಲಿ ಇನ್ನೂ ಬಣ್ಣಬಣ್ಣದ ಕಥೆಗಳನ್ನು ಹೇಳುತ್ತಾರೆ. ಅವೆಲ್ಲವನ್ನೂ ನಾನು ನಂಬುವುದಿಲ್ಲ, ನಂಬುವ ಅಗತ್ಯವೂ ಇಲ್ಲ, ನಡೆದದ್ದೇ ಸಾಕಷ್ಟಿದೆ. ಪಟಿಯಾಲದ ಮಹಾರಾಜರು ದೊಡ್ಡ ಮೊತ್ತ ಕೊಟ್ಟರು. ವೈಸರಾಯ್ ನಾರ್ತ್‌ಬ್ರೂಕ್ ಸ್ವಂತ ಹಣದಿಂದ 10,000 ರೂಪಾಯಿ ಕೊಟ್ಟರು. ಹೈದರಾಬಾದಿನ ದಿವಾನರಾಗಿದ್ದ ಸಾಲಾರ್ ಜಂಗ್ ಅವರ ಕಾಲದಿಂದ ನಿಜಾಮ ಸರ್ಕಾರದ ನೆರವು ಬರತೊಡಗಿತು. 1891ರಲ್ಲಿ ಸರ್ ಸೈಯದ್ ಗೆಳೆಯರನ್ನು ಕಟ್ಟಿಕೊಂಡು ಹೈದರಾಬಾದಿಗೇ ಹೋಗಿಬಂದರು. ಆ ಖಜಾನೆಯಲ್ಲಿ ನಮ್ಮ ಕಲಬುರಗಿ, ಬೀದರ್, ರಾಯಚೂರಿನ ರೈತರು ಕಟ್ಟಿದ ಕಂದಾಯವೂ ಸೇರಿತ್ತು ಎಂಬುದನ್ನು ನೆನೆದಾಗ ಅಲೀಗಢ ನಮಗೂ ಸ್ವಲ್ಪ ಸೇರಿದ್ದು ಅನಿಸುತ್ತದೆ.

ಆ ಶಾಲೆಯಲ್ಲಿ ಹುಡುಗರು ಹೇಗಿದ್ದರು? ಬೋರ್ಡಿಂಗ್ ಹೌಸಿನಲ್ಲಿ ಪಕ್ಕಾ ಬ್ಯಾರಕ್, ಕಚ್ಚಾ ಬ್ಯಾರಕ್ ಎಂಬ ಎರಡು ಸಾಲುಗಳಿದ್ದವು. ದಿನ ಶುರುವಾಗುವುದು ಫಜ್ರ್ ನಮಾಝ್‌ನಿಂದ. ಐದು ಹೊತ್ತಿನ ನಮಾಝ್ ಕಡ್ಡಾಯ. ಕಪ್ಪು ಟರ್ಕಿ ಕೋಟು, ಕೆಂಪು ತುರ್ಕಿ ಟೋಪಿ ಸಮವಸ್ತ್ರ. ನವಾಬರ ಮಕ್ಕಳು ಆಳುಗಳನ್ನು ಕರೆತರುತ್ತಿದ್ದರು, ಪಕ್ಕದ ಕೊಠಡಿಯಲ್ಲಿ ವಿದ್ಯಾರ್ಥಿವೇತನದ ಹುಡುಗ. ಪಂಜಾಬಿನವರು, ಬಿಹಾರದವರು, ಹೈದರಾಬಾದಿನವರು ಎಲ್ಲರೂ ಒಂದೇ ಊಟದ ಮನೆಯಲ್ಲಿ. ಹಿಂದೂ ವಿದ್ಯಾರ್ಥಿಗಳ ಮನಸ್ಸಿಗೆ ನೋವಾಗಬಾರದೆಂದು ಆವರಣದಲ್ಲಿ ಗೋವಧೆ ಮಾಡಬಾರದೆಂಬ ಕಟ್ಟಳೆ ಇತ್ತು. ಒಮ್ಮೆ ಬಕ್ರೀದಿಗೆ ಕೆಲ ಹುಡುಗರು ಹಸು ತಂದಾಗ ಸರ್ ಸೈಯದ್ ಅದನ್ನು ಹಿಂದಿರುಗಿಸಿದರು. 1878ರಲ್ಲಿ ಕ್ರಿಕೆಟ್ ಕ್ಲಬ್ ಕಟ್ಟಿದವರು ಗಣಿತದ ಅಧ್ಯಾಪಕ ಪಂಡಿತ್ ರಮಾಶಂಕರ್ ಮಿಶ್ರ. 1884ರಲ್ಲಿ ಮೊದಲ ಮುಖ್ಯೋಪಾಧ್ಯಾಯರ ಹೆಸರಿನಲ್ಲಿ ಸಿಡನ್ಸ್ ಯೂನಿಯನ್ ಕ್ಲಬ್ ಶುರುವಾಯಿತು. ಅಲ್ಲಿ ಹುಡುಗರು ಎದ್ದು ನಿಂತು ವಾದ ಮಾಡುವುದನ್ನು ಕಲಿತರು. ಮುಂದೆ ದೇಶವನ್ನೇ ಅಲುಗಿಸಿದ ಅಲಿ ಸಹೋದರರು, ಶೌಕತ್ ಮತ್ತು ಮುಹಮ್ಮದ್, ಈ ಆವರಣದಲ್ಲಿ ಬೆಳೆದವರು. ಶೌಕತ್ ಅಲಿ ಆಗ ಹೆಸರಾಗಿದ್ದು ಕ್ರಿಕೆಟ್‌ನಲ್ಲಿ.

ಅಧ್ಯಾಪಕರ ಕೊಠಡಿಯೂ ಅಂಥದ್ದೇ. ಅರಬಿ, ಫಾರ್ಸಿ ಕಲಿಸುತ್ತಿದ್ದ ಶಿಬ್ಲಿ ನೋಮಾನಿಯವರು ತತ್ವಶಾಸ್ತ್ರದ ಆರ್ನಾಲ್ಡ್ ಅವರಿಂದ ಫ್ರೆಂಚ್ ಕಲಿತರು, ಆರ್ನಾಲ್ಡ್ ಶಿಬ್ಲಿಯವರಿಂದ ಅರಬಿ ಕಲಿತರು. ಈ ಆರ್ನಾಲ್ಡ್ ಮುಂದೆ ಲಾಹೋರಿನಲ್ಲಿ ಅಲ್ಲಾಮಾ ಇಖ್ಬಾಲರ ಗುರುಗಳಾದರು. ಅಧ್ಯಾಪಕರು ಒಬ್ಬರಿಂದೊಬ್ಬರು ಪಾಠ ಹೇಳಿಸಿಕೊಳ್ಳುವ ಶಾಲೆ ಎಷ್ಟಿವೆ? ನಮ್ಮ ಸ್ಟಾಫ್ ರೂಮಿನಲ್ಲಿ ಬಿಡುವು ಸಿಕ್ಕರೆ ನಾವು ಡಿ.ಎ. ಲೆಕ್ಕ ಹಾಕುತ್ತೇವೆ. ನನ್ನನ್ನೂ ಸೇರಿಸಿಯೇ ಹೇಳುತ್ತಿದ್ದೇನೆ.

1890ರಲ್ಲಿ ವಿದ್ಯಾರ್ಥಿಗಳು ಸಾಹಿಬ್‌ಝಾದಾ ಆಫ್ತಾಬ್ ಅಹ್ಮದ್ ಖಾನ್ ಅವರ ಮುಂದಾಳತ್ವದಲ್ಲಿ ‘ಅಂಜುಮನುಲ್ ಫರ್ಝ್’ ಕಟ್ಟಿದರು. ಬಡ ಸಹಪಾಠಿಗಳ ಶುಲ್ಕಕ್ಕಾಗಿ ಚಂದಾ ಎತ್ತುವುದು, ಸಣ್ಣ ಅಂಗಡಿ ಇಟ್ಟು ಲಾಭವನ್ನು ನಿಧಿಗೆ ಹಾಕುವುದು ಅದರ ಕೆಲಸ. ರಜೆಗೆ ಮನೆಗೆ ಹೋಗುವ ಬದಲು ಊರೂರು ತಿರುಗಿದರು. ಓದಿ ನೌಕರಿ ಹಿಡಿದ ಹಳೆಯ ವಿದ್ಯಾರ್ಥಿಗಳು ಸಂಬಳದ ನೂರಕ್ಕೆ ಒಂದು ಪಾಲನ್ನು ಕಾಲೇಜಿಗೆ ಕೊಡುವ ಒಪ್ಪಂದ ಮಾಡಿಕೊಂಡರು. ಸರ್ ಸೈಯದರಿಂದ ಪಾಠಕ್ಕಿಂತ ಮೊದಲು ಹುಡುಗರು ಕಲಿತದ್ದು ಕೈಯೊಡ್ಡುವುದನ್ನು.

ಇಷ್ಟನ್ನು ಹೇಳಿ ನಿಲ್ಲಿಸಿದರೆ ಲೇಖನ ಚೆನ್ನಾಗಿ ಮುಗಿಯುತ್ತಿತ್ತು. ಆದರೆ ಅವರ ಕೊರತೆಗಳನ್ನೂ ನೀವು ತಿಳಿಯಬೇಕು.

ವಯಸ್ಸಾದಂತೆ ಸರ್ ಸೈಯದ್ ಹಿಡಿದದ್ದನ್ನು ಬಿಡದ ಸ್ವಭಾವದವರಾದರು. 1888ರಲ್ಲಿ ಅವರಿಗೆ ಸರ್ ಪದವಿ ಬಂತು. ಆಗಷ್ಟೇ ಹುಟ್ಟಿದ್ದ ಕಾಂಗ್ರೆಸ್ಸನ್ನು ಅವರು ವಿರೋಧಿಸಿದ್ದೂ ಆ ವರ್ಷಗಳಲ್ಲೇ. ಅದರ ಚರ್ಚೆಯನ್ನು ಇತಿಹಾಸದ ಮೇಷ್ಟರಿಗೆ ಬಿಡುತ್ತೇನೆ. ಶಾಲೆಗೆ ಸಂಬಂಧಿಸಿದ್ದು 1889ರ ಟ್ರಸ್ಟಿಗಳ ಜಗಳ. ತಮ್ಮ ನಂತರ ಮಗ ಮಹಮೂದರೇ ಕಾರ್ಯದರ್ಶಿಯಾಗಬೇಕೆಂದು ಅವರು ಹಟ ಹಿಡಿದರು. ಶಾಲೆಯ ಬಾಗಿಲು ತೆರೆದಿದ್ದ, ಮೊದಲ ವಿದ್ಯಾರ್ಥಿಯಾಗಿ ತಮ್ಮ ಮಗನನ್ನು ಕೊಟ್ಟಿದ್ದ ಸಮೀಉಲ್ಲಾ ಖಾನ್ ಇದನ್ನು ಒಪ್ಪದೆ ದೂರವಾದರು. ಎಂಥ ಗೆಳೆತನ ಹೀಗೆ ಮುರಿಯಿತಲ್ಲ! ನಂತರ 1895ರಲ್ಲಿ ದೊಡ್ಡ ಪೆಟ್ಟು. ಅವರು ಕಣ್ಣು ಮುಚ್ಚಿ ನಂಬಿದ್ದ ಕಚೇರಿಯ ಮುಖ್ಯ ಗುಮಾಸ್ತ ಒಂದು ಲಕ್ಷ ರೂಪಾಯಿಗೂ ಮೀರಿ ಕಾಲೇಜಿನ ಹಣವನ್ನು ನುಂಗಿದ್ದು ಬಯಲಾಯಿತು. ಹಲವು ವರ್ಷಗಳಿಂದ ಸುಳ್ಳು ಸಹಿ ನಡೆದಿತ್ತು, ಲೆಕ್ಕವನ್ನು ಯಾರೂ ಸರಿಯಾಗಿ ತಪಾಸಣೆ ಮಾಡಿರಲಿಲ್ಲ. ರೂಪಾಯಿ ರೂಪಾಯಿ ಬೇಡಿ ತಂದವರಿಗೆ ಖರ್ಚಿನ ಪುಸ್ತಕ ನೋಡಲು ಪುರುಸೊತ್ತಿರಲಿಲ್ಲ. ವಿದ್ಯಾರ್ಥಿಗಳ ಸಂಖ್ಯೆ ಇಳಿಯಿತು, ಕಟ್ಟಡಗಳು ಅರ್ಧಕ್ಕೆ ನಿಂತವು. ಆ ಆಘಾತದಿಂದ ಅವರು ಪೂರ್ತಿ ಚೇತರಿಸಿಕೊಳ್ಳಲೇ ಇಲ್ಲ.

ಇನ್ನೊಂದು ಕೊರತೆ ನನ್ನನ್ನು ಹೆಚ್ಚು ಕಾಡುವುದು. ಉಸ್ತಾನಿಯಿಂದ ಕುರ್‌ಆನ್ ಕಲಿತವರು, ತಾಯಿಗೆ ಪಾಠ ಒಪ್ಪಿಸಿದವರು, ಲಂಡನ್ನಿನ ಕೆಲಸದ ಹುಡುಗಿಯ ಓದಿಗೆ ಬೆರಗಾದವರು, ಹೆಣ್ಣುಮಕ್ಕಳಿಗೆ ಒಂದು ಶಾಲೆ ತೆರೆಯಲಿಲ್ಲ. ಮೊದಲು ಗಂಡುಮಕ್ಕಳು ಓದಲಿ, ಆಮೇಲೆ ತಾನಾಗಿಯೇ ಹೆಣ್ಣುಮಕ್ಕಳ ಓದು ಬರುತ್ತದೆ ಎಂಬುದು 1882ರ ಶಿಕ್ಷಣ ಆಯೋಗದ ಮುಂದೆ ಅವರ ನಿಲುವು. ಮುಂದೆ ಮೌಲ್ವಿ ಮುಮ್ತಾಝ್ ಅಲಿಯವರು ಮಹಿಳೆಯರ ಹಕ್ಕುಗಳ ಬಗ್ಗೆ ಬರೆದ ‘ಹುಖೂಖೆ ನಿಸ್ವಾಂ’ ಪುಸ್ತಕದ ಹಸ್ತಪ್ರತಿಯನ್ನು ತೋರಿಸಿದಾಗ ಸರ್ ಸೈಯದ್ ಸಿಟ್ಟಿನಿಂದ ಅದನ್ನು ಹರಿದು ಬುಟ್ಟಿಗೆ ಎಸೆದರು. ಅದು ಅಚ್ಚಾದದ್ದು ಅವರು ತೀರಿಕೊಂಡ ಮೇಲೆ. ಆ ಕಾಲವೇ ಹಾಗಿತ್ತು ಎಂದು ಹಿರಿಯರು ನನಗೆ ಸಮಾಧಾನ ಹೇಳುತ್ತಾರೆ. ಆದರೆ ಮುಮ್ತಾಝ್ ಅಲಿಯವರೂ ಅದೇ ಕಾಲದವರಲ್ಲವೇ? ಎಸ್.ಎಸ್.ಎಲ್.ಸಿ. ಮುಗಿದ ಕೂಡಲೇ ಓದು ನಿಲ್ಲಿಸಿದ ಜಾಣ ಹುಡುಗಿಯರನ್ನು ಪ್ರತಿ ವರ್ಷ ಬೀಳ್ಕೊಡುವ ನನಗೆ, ಮೊದಲು ತಮ್ಮ, ಆಮೇಲೆ ನೀನು ಎಂಬ ಮಾತು ಹೊಸದಲ್ಲ.

1898ರ ಮಾರ್ಚ್ 27ರಂದು ಸರ್ ಸೈಯದ್ ನಿಧನರಾದರು. ಎಂಬತ್ತು ವರ್ಷ ವಯಸ್ಸು. ಕೊನೆಯ ದಿನಗಳಲ್ಲಿ ಸ್ವಂತ ಮನೆಯಲ್ಲೂ ಇರಲಿಲ್ಲ. ಮಗ ಮಹಮೂದರ ಮನಸ್ಸು ಕೆಟ್ಟು, ಅವರೊಡನೆ ಬಾಳುವುದು ಕಷ್ಟವಾಗಿ, ಗೆಳೆಯ ಇಸ್ಮಾಯಿಲ್ ಖಾನರ ಮನೆಯಲ್ಲಿ ಆಶ್ರಯ ಪಡೆದಿದ್ದರು. ಅಂತ್ಯಸಂಸ್ಕಾರದ ಖರ್ಚನ್ನು ಗೆಳೆಯರು ನೋಡಿಕೊಂಡರು. ಶಾಲೆಯ ಮಸೀದಿಯ ಅಂಗಳದಲ್ಲಿ ದಫನ್ ಆಯಿತು.

ಅವರು 1886ರಲ್ಲಿ ಆರಂಭಿಸಿದ್ದ ಶಿಕ್ಷಣ ಸಮ್ಮೇಳನ ವರ್ಷಕ್ಕೊಂದು ಊರಿನಲ್ಲಿ ಸೇರುತ್ತಾ 1901ರಲ್ಲಿ ಮದರಾಸಿನವರೆಗೂ ಬಂತು. ಮೊಮ್ಮಗ ಸರ್ ರಾಸ್ ಮಸೂದ್ 1916ರಿಂದ 1928ರವರೆಗೆ ಹೈದರಾಬಾದ್ ಸಂಸ್ಥಾನದ ಶಿಕ್ಷಣ ಇಲಾಖೆಯ ಮುಖ್ಯಸ್ಥರಾಗಿದ್ದರು. ಕಲಬುರಗಿ, ಬೀದರ್, ರಾಯಚೂರಿನ ಶಾಲೆಗಳು ಆ ಹನ್ನೆರಡು ವರ್ಷ ಅವರ ಸುಪರ್ದಿಯಲ್ಲಿದ್ದವು. 1875ರ ಆ ಶಾಲೆಯೂ ನಿಂತಿಲ್ಲ. ಮಿಂಟೋ ಸರ್ಕಲ್ ಎಂದು ಜನರ ಬಾಯಲ್ಲಿ ಹೆಸರಾಗಿ, ಸೈಯದ್‌ನಾ ತಾಹಿರ್ ಸೈಫುದ್ದೀನ್ ಶಾಲೆ ಎಂಬ ಹೆಸರಿನಲ್ಲಿ ವಿಶ್ವವಿದ್ಯಾಲಯದ ಆಶ್ರಯದಲ್ಲಿ ನಡೆಯುತ್ತಿದೆ.

ಸರ್ ಸೈಯದ್ ಬಿಟ್ಟುಹೋದ ಕೆಲಸವನ್ನು ಕೈಗೆತ್ತಿಕೊಂಡವರು ಅದೇ ಆವರಣದಲ್ಲಿ ಓದಿ ವಕೀಲರಾಗಿದ್ದ ಶೇಖ್ ಅಬ್ದುಲ್ಲಾ ಮತ್ತು ಅವರ ಪತ್ನಿ ವಹೀದ್ ಜಹಾನ್ ಬೇಗಂ. 1906ರಲ್ಲಿ ಅಲೀಗಢದ ಊರೊಳಗೆ ಬಾಡಿಗೆ ಮನೆಯಲ್ಲಿ ಹೆಣ್ಣುಮಕ್ಕಳ ಶಾಲೆ ಶುರುವಾಯಿತು. ಪಾಠ ಹೇಳಲು ದೆಹಲಿಯಿಂದ ಒಬ್ಬ ಉಸ್ತಾನಿಯನ್ನು ಕರೆಸಿದರು. ಪರದೆ ಕಟ್ಟಿದ ಡೋಲಿಗಳಲ್ಲಿ ಹುಡುಗಿಯರು ಬಂದರು. ಇಲ್ಲಿಯೂ ವಿರೋಧ, ಇಲ್ಲಿಯೂ ಚಂದಾ. ಭೋಪಾಲದ ಬೇಗಂ ಸುಲ್ತಾನ್ ಜಹಾನ್ ನೆರವಾದರು. 1914ರಲ್ಲಿ ಬೋರ್ಡಿಂಗ್ ಹೌಸ್ ತೆರೆದಾಗ ಮಗಳನ್ನು ಮನೆಯಿಂದ ಹೊರಗೆ ಇರಿಸಲು ಯಾರೂ ಸುಲಭವಾಗಿ ಮುಂದೆ ಬರಲಿಲ್ಲ. ವಹೀದ್ ಜಹಾನ್ ತಮ್ಮ ಮನೆ ಬಿಟ್ಟು ಬಂದು ಆ ಹುಡುಗಿಯರ ನಡುವೆ ಉಳಿದರು. ಅವರ ಊಟ, ಜ್ವರ, ತಲೆ ಬಾಚುವುದು ಎಲ್ಲವನ್ನೂ ನೋಡಿಕೊಂಡರು. ಹುಡುಗಿಯರು ಅವರನ್ನು ಆಲಾ ಬೀ ಎಂದು ಕರೆಯುತ್ತಿದ್ದರು.